ಗಾರ್ಡಿನ ಮೇಲಿನ ವಿಭೂತಿ

ಬೇವಿನ ಮರ ಕೊಯ್ಯುವ ಕಹಿ ವಾಸನೆ ಬಂದರೆ ಈಗಲೂ ನನ್ನ ಬೆರಳುಗಳು ತಾವಾಗಿಯೇ ಮಡಚಿಕೊಳ್ಳುತ್ತವೆ.

ನಿಟ್ಟುವಳ್ಳಿಯಲ್ಲಿ ಅಪ್ಪನ ಮರಗೆಲಸದ ಅಂಗಡಿ ಇತ್ತು. ಮರ ಕೊಯ್ಯುವ ಮಷೀನಿನ ಬ್ಲೇಡನ್ನು ಮುಚ್ಚುವ ಕಬ್ಬಿಣದ ಗಾರ್ಡನ್ನು, ಅವ್ವನ ಕಾಟ ತಾಳಲಾರದೆ, ಅಪ್ಪ ಹರಿಹರದಲ್ಲಿ ಮಾಡಿಸಿ ತಂದಿದ್ದ. ನಾನಿನ್ನೂ ಸಣ್ಣ ಮಗುವಾಗಿದ್ದಾಗ ಒಂದು ವರ್ಷ ಆಯುಧ ಪೂಜೆಗೆಂದು ಅದನ್ನು ಬಿಚ್ಚಿದ. ಕಲಸಿದ ವಿಭೂತಿಯಲ್ಲಿ ಬಲಗೈಯ ಮೂರು ಬೆರಳು ಅದ್ದಿ ಬ್ಲೇಡಿಗೂ ಗಾರ್ಡಿಗೂ ಒಂದೇ ಸಲಕ್ಕೆ ಮೂರು ಗೆರೆ ಎಳೆದ. ಗಾರ್ಡಿಗೆ ಚೆಂಡುಹೂವಿನ ಮಾಲೆ ಸುತ್ತಿ ದೇವರ ಪಟದ ಮುಂದೆ ಇಟ್ಟ.

ಹಬ್ಬ ಮುಗಿದ ಮರುದಿನ ಮಧ್ಯಾಹ್ನ ನಾನೂ ಅವ್ವನೂ ಬುತ್ತಿ ಒಯ್ದಾಗ ಗಾರ್ಡು ಪಟದ ಮುಂದೆಯೇ ಇತ್ತು. ಅಪ್ಪ ಬೇವಿನ ಹಲಗೆ ಹಿಡಿದು ಮಷೀನಿನ ಎದುರು ನಿಂತಿದ್ದ.

"ಮೊದ್ಲು ಗಾರ್ಡ್ ಹಾಕ್ಕೊಳ್ರಿ," ಅಂದಳು ಅವ್ವ.

"ಪೂಜೆ ಮಾಡಿದ್ದು, ಹೂವು ಬಾಡೋತನಕ ತೆಗೀಬಾರ್ದು. ಒಂದೇ ಹಲಗೆ ಐತೆ ಬಿಡು."

ಅವ್ವ ಬುತ್ತಿ ಬಿಚ್ಚತೊಡಗಿದಳು. ಹಲಗೆಯ ಗಂಟಿಗೆ ಬ್ಲೇಡು ಸಿಕ್ಕಿಕೊಂಡು ಮಷೀನಿನ ಸದ್ದು ಬದಲಾಯಿತು, ಹಲಗೆ ಹಾರಿ ಬಿತ್ತು. ಅಪ್ಪ ಎಡಗೈಯಿಂದ ಸ್ವಿಚ್ ಆರಿಸಿ, ಬಲಗೈ ನೋಡುತ್ತಾ ನಿಂತ. ಮರದ ಹೊಟ್ಟು ರಕ್ತವನ್ನು ಬೇಗಬೇಗನೆ ಹೀರಿಕೊಳ್ಳುತ್ತಿತ್ತು.

"ಮಗೀನ ಹೊರಗೆ ಕರ್ಕೊಂಡು ಹೋಗು," ಅಂದ ಅವ್ವನಿಗೆ.

ಮರುವರ್ಷದ ಪೂಜೆಗೆ ಅಪ್ಪ ಗಾರ್ಡು ಬಿಚ್ಚಲಿಲ್ಲ. ವಿಭೂತಿಯಲ್ಲಿ ಬಲಗೈ ಅದ್ದಿ ಅದರ ಮೇಲೆ ಎಳೆದ. ಒಂದೇ ಗೆರೆ ಮೂಡಿತು. ಆಮೇಲೆ ಉಳಿದಿದ್ದ ಆ ಬೆರಳನ್ನೇ ಮತ್ತೆರಡು ಸಲ ಅದ್ದಿದ.