ಸ್ಥಳ ಪರಿಶೀಲನೆ

‘ತುದಿಗೆ 900 ಮೀಟರ್’ ಎಂಬ ಫಲಕದ ಬುಡದಲ್ಲಿ ಅಜಿತ್ ಕುಳಿತುಬಿಟ್ಟ. ಹತ್ತಲು ಶುರುಮಾಡಿದ ಮೇಲೆ ಹಾಗೆ ಕುಳಿತದ್ದು ಅದು ಮೂರನೆಯ ಸಲ. ತಿರುವನಂತಪುರದ ಹೊರವಲಯದ ಆ ಪುಟ್ಟ ಕಾಡುಗುಡ್ಡದಲ್ಲಿ ಏಪ್ರಿಲ್ ಬೆಳಗಿನ ಎಂಟೂವರೆಗೇ ಮರದಡಿಯ ಗಾಳಿಯೂ ಬಿಸಿಯಾಗಿತ್ತು. ಅವನ ಬೂಟಿನ ಹಿಮ್ಮಡಿಯಲ್ಲಿ ಬೆಲೆಯ ಚೀಟಿ ಇನ್ನೂ ಅಂಟಿಕೊಂಡಿತ್ತು.

ಪ್ರತೀಕ್ಷಾ ಅದನ್ನು ನೋಡಿದಳು. ಕೊಚ್ಚಿಯ ಎಡಪ್ಪಳ್ಳಿಯ ಬ್ಯಾಂಕೊಂದರಲ್ಲಿ ಅವಳದು ಸಾಲ ವಿಭಾಗ. ಅರ್ಜಿಯಲ್ಲಿ ಬರೆದದ್ದನ್ನು ಸ್ಥಳಕ್ಕೇ ಹೋಗಿ ನೋಡುವುದು, ಒಂದು ಸುಳ್ಳು ಕಂಡರೂ ತಿರಸ್ಕರಿಸುವುದು ಅವಳ ಪದ್ಧತಿ. ತಿರುವನಂತಪುರದಲ್ಲಿ ವಕೀಲನಾಗಿದ್ದ ಅಜಿತನ ಬಯೋಡೇಟಾದಲ್ಲಿ ‘ಹವ್ಯಾಸ: ಚಾರಣ’ ಎಂದಿತ್ತು. ಹಾಗಾಗಿ ಹುಡುಗಿ ನೋಡುವ ಶಾಸ್ತ್ರ ಗುಡ್ಡದಲ್ಲೇ ಆಗಲಿ ಎಂದಿದ್ದಳು. ‘ಈಜು’ ಎಂದು ಬರೆದಿದ್ದ ಹಿಂದಿನ ವರ ಕೊಳದ ಮೆಟ್ಟಿಲಲ್ಲೇ ಅನುತ್ತೀರ್ಣನಾಗಿದ್ದ. ಈ ಸಲ ಹೌದೋ ಅಲ್ಲವೋ, ಸಂಜೆಯೊಳಗೆ ಅಮ್ಮನಿಗೆ ತಿಳಿಸಬೇಕಿತ್ತು.

“ಇದಕ್ಕೆ ಮೊದಲು ಗುಡ್ಡ ಹತ್ತಿದ್ದು ಯಾವಾಗ?”

ಅಜಿತ್ ನೀರು ಕುಡಿದು ಮುಗಿಸಿದ. “ನೋಡಿ, ಬಯೋಡೇಟಾ ಬರೆದದ್ದು ನನ್ನ ಅಕ್ಕ. ‘ಹವ್ಯಾಸ: ನಿದ್ದೆ’ ಅಂತ ಬರೆದ್ರೆ ಯಾರು ಹೆಣ್ಣು ಕೊಡ್ತಾರೆ ಮಾರಾಯ್ರೆ?”

“ಫೋನಲ್ಲೇ ಹೇಳ್ಬಹುದಿತ್ತಲ್ಲ?”

“ಹೇಳಿದ್ರೆ ನೀವು ಬರ್ತಿದ್ರಾ?”

ಪ್ರತೀಕ್ಷಾ ಚೀಲದಿಂದ ಡಬ್ಬಿ ತೆಗೆದು ತೆರೆದಳು. “ತಗೊಳ್ಳಿ. ಹಲಸಿನ ಹಣ್ಣಿನ ಕಡುಬು. ನಿನ್ನೆ ಇಲ್ಲಿಯ ಚಿಕ್ಕಮ್ಮನ ಮನೆಯಲ್ಲಿ ನಾನೇ ಮಾಡಿದ್ದು.” ಅವಳ ಬಯೋಡೇಟಾದಲ್ಲಿ ‘ಊರಿನ ಅಡುಗೆಯಲ್ಲಿ ನಿಪುಣೆ’ ಎಂದಿತ್ತು.

ಅಜಿತ್ ಒಂದನ್ನು ಬಿಡಿಸಿದ. ಬಾಯಿಗಿಡುವ ಮೊದಲು ಎಲೆಯನ್ನು ಮೂಸಿದ. ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿದ.

“ನಮ್ಮ ಕಾಸರಗೋಡಲ್ಲಿ ಇದನ್ನು ಬೇಯಿಸುದು ಬಾಳೆ ಎಲೆಯಲ್ಲಿ, ಅಲ್ವಾ?”

“ಹೌದು. ಅದಕ್ಕೆಂತ?”

“ಇದು ತೆರಳಿ ಎಲೆ. ಇಲ್ಲಿಯವರು ಕಟ್ಟುದು ಇದರಲ್ಲಿ. ಚಾಲೈ ಪೇಟೆಯಲ್ಲಿ ಯಾವ ಅಂಗಡಿಯದ್ದು?”

ಪ್ರತೀಕ್ಷಾಳ ಕಿವಿ ಕೆಂಪಾಯಿತು. “ಹೂವಿನ ಅಂಗಡಿಯ ಪಕ್ಕದ್ದು.” ತಾನೂ ಒಂದನ್ನು ಬಿಡಿಸುತ್ತ ಸೇರಿಸಿದಳು: “ಬಯೋಡೇಟಾ ಬರೆದದ್ದು ಅಮ್ಮ.”

“ರುಚಿ ಉಂಟು,” ಎಂದ ಅಜಿತ್. ಇಬ್ಬರೂ ಎರಡೆರಡು ತಿಂದರು. ಮೂರನೆಯದಕ್ಕೆ ಕೈ ಹಾಕುವಾಗ ಕಾಸರಗೋಡಿನಿಂದ ಅಮ್ಮ ಕುಸುಮಾವತಿಯ ಕರೆ ಬಂತು. ಕೈಯೆಲ್ಲ ಅಂಟಾಗಿದ್ದರಿಂದ ಪ್ರತೀಕ್ಷಾ ಕಿರುಬೆರಳಲ್ಲಿ ಸ್ಪೀಕರ್ ಒತ್ತಿದಳು.

“ಹುಡುಗ ಗುಡ್ಡ ಹತ್ತಿದನಾ?”

ಪ್ರತೀಕ್ಷಾ ಅಜಿತನನ್ನು ನೋಡಿದಳು. ಅಜಿತ್ ಫಲಕವನ್ನು ನೋಡಿದ.

“ತುದಿಯಲ್ಲೇ ಇದ್ದೇವೆ ಅಮ್ಮ.”

“ಮತ್ತೆ ಆ ಕಡುಬು? ಅವನಿಗೆ ಸಂಶಯ ಎಂತದೂ ಬರ್ಲಿಲ್ಲ ತಾನೆ?”

“ಸ್ವಲ್ಪವೂ ಬರ್ಲಿಲ್ಲ ಅತ್ತೆ,” ಎಂದ ಅಜಿತ್.

ಕುಸುಮಾವತಿ ನೋಂದಣಿ ಕಚೇರಿಯಲ್ಲಿ ಮೂವತ್ತೆರಡು ವರ್ಷ ಕೆಲಸ ಮಾಡಿ ನಿವೃತ್ತರಾದವರು; ಫೋಟೋ ಮತ್ತು ಇಬ್ಬರು ಸಾಕ್ಷಿಗಳಿಲ್ಲದೆ ಯಾವುದನ್ನೂ ಒಪ್ಪಿದವರಲ್ಲ.

“ಒಳ್ಳೇದಾಯ್ತು,” ಎಂದರು. “ಹಾಗಾದ್ರೆ ತುದಿಯಲ್ಲಿ ಇಬ್ಬರೂ ಒಟ್ಟಿಗೆ ನಿಂತು ಒಂದು ಫೋಟೋ ತೆಗೆದು ಕಳಿಸಿ. ಅವಸರ ಇಲ್ಲ, ಹತ್ತಿದ ಮೇಲೆ ಸಾಕು.”