ಮೂರನೇ ಮಹಡಿಯ ಸಭೆ

ಎರಡನೇ ಮಹಡಿ ತಲುಪುವಷ್ಟರಲ್ಲಿ ಗಿರಣಿಯಕ್ಕನ ಮೊಣಕಾಲು ಮುಷ್ಕರ ಹೂಡಿತು. ಲಿಫ್ಟ್ ಕೈಕೊಟ್ಟು ತಿಂಗಳಾಗಿತ್ತಂತೆ. ದುಡಿಯುವವರ ಪಕ್ಷದ ಬುದ್ಧಿವಂತರು 'ಹಿರಿಯರ ಮನ ಮತ್ತೆ ಗೆಲ್ಲೋಣ' ಎಂಬ ಸಭೆಯನ್ನು ಮೂರನೇ ಮಹಡಿಯಲ್ಲೇ ಇಟ್ಟುಕೊಂಡಿದ್ದರು.

ಮೆಟ್ಟಿಲ ಮೇಲೆ ಆಗಲೇ ಒಂದು ಗುಂಪು ಕುಳಿತಿತ್ತು. ನಿವೃತ್ತ ಅಂಚೆಯಣ್ಣ ಗೋಡೆಗೊರಗಿ ಏದುಸಿರು ಬಿಡುತ್ತಿದ್ದ. ಅವನ ಹಿಂದೆ ಮುಂದೆ ನೂಲಿನ ಗಿರಣಿಯ ಹಳೆಯ ಕೆಲಸಗಾರರು. ಒಂದು ಕಾಲಕ್ಕೆ ಇವರೆಲ್ಲ ಪಕ್ಷದ ಬೆನ್ನೆಲುಬು. ಕಳೆದ ಸಲ ಇವರು ಕೈಬಿಟ್ಟಿದ್ದಕ್ಕೇ ಅಭ್ಯರ್ಥಿ ಸೋತಿದ್ದ. ಈ ಸಲವೂ ಸೋತರೆ ಅವನ ಕಥೆ ಮುಗಿದಂತೆ. ಗಿರಣಿಯಕ್ಕನೂ ಎದುರಾಳಿಗೆ ಮತ ಹಾಕಿ, ಮನೆಗೆ ಬಂದು ಅತ್ತಿದ್ದಳು. ಕೊನೆಯದಾಗಿ ಒಂದು ಸಲ ನೋಡೋಣವೆಂದು ಇವತ್ತು ಬಂದಿದ್ದಳು.

ಮೇಲಿನಿಂದ ಮೈಕಿನ ದನಿ ಕೇಳಿಸಿತು. ಯಾರೋ ತಜ್ಞ ಹೇಳುತ್ತಿದ್ದ: ವಯಸ್ಸಾದವರಿಗೆ ಆಸಕ್ತಿಯೇ ಇಲ್ಲ, ಕರೆದರೂ ಒಬ್ಬರೂ ಬಂದಿಲ್ಲ ನೋಡಿ.

ಅಂಚೆಯಣ್ಣ ಕಿಸಕ್ಕೆಂದ. ಉಳಿದವರೂ ಬಾಯಿಗೆ ಕೈ ಒತ್ತಿಕೊಂಡು ನಕ್ಕರು. ಗಿರಣಿಯಕ್ಕನಿಗೆ ಮಾತ್ರ ನಗು ಬರಲಿಲ್ಲ. ಈ ಪಕ್ಷಕ್ಕೂ ತನಗೂ ಇನ್ನು ಋಣ ಹರಿಯಿತು ಎಂದುಕೊಂಡು ಕಂಬಿ ಹಿಡಿದು ಕೆಳಕ್ಕೆ ತಿರುಗಿದಳು.

ಅಷ್ಟರಲ್ಲಿ ಅಭ್ಯರ್ಥಿಯೇ ಫೋನಿನಲ್ಲಿ ಮಾತಾಡುತ್ತ ಇಳಿದು ಬಂದ. ಇವರ ಮೇಲೆ ಎಡವಿ ಬೀಳುವುದೊಂದು ಬಾಕಿ.

"ಇಲ್ಯಾಕಮ್ಮ ಎಲ್ಲ ಕೂತಿದೀರಾ?"

"ನಮ್ಮ ಕಾಲು ಇಲ್ಲೀತನಕ ಕರ್ಕೊಂಡು ಬಂತಪ್ಪ. ಮುಂದಕ್ಕೆ ಯಾರೂ ಕರ್ಕೊಂಡು ಹೋಗ್ಲಿಲ್ಲ," ಎಂದು ಹೇಳಿ ಗಿರಣಿಯಕ್ಕ ಒಂದೊಂದೇ ಮೆಟ್ಟಿಲು ಇಳಿಯತೊಡಗಿದಳು.

ಅವನ ಮುಖ ಇಷ್ಟಾಯಿತು. ತಿರುಗಿ ಮೇಲಕ್ಕೆ ಓಡಿದ. ಮೈಕು ಅರ್ಧ ಮಾತಿಗೇ ನಿಂತಿತು. ಅವಳು ಕೆಳಗಿನ ಬಾಗಿಲು ಮುಟ್ಟುವ ಮೊದಲೇ ಅವನು ಸಭೆಯ ಬ್ಯಾನರನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಅವಳನ್ನು ದಾಟಿ ಹೋದ. ಹಿಂದೆಯೇ ತಜ್ಞ, ತಲೆಯ ಮೇಲೆ ಎರಡು ಕುರ್ಚಿ ಹೊತ್ತು. ಮೆಟ್ಟಿಲ ಮೇಲಿದ್ದವರೂ ಮೆಲ್ಲಗೆ ಇಳಿದು ಬಂದರು.

ಅಭ್ಯರ್ಥಿ ಬ್ಯಾನರನ್ನು ಬಾಗಿಲ ಪಕ್ಕದ ಕಂಬಕ್ಕೆ ಕಟ್ಟಿದ. ಜಾರಿ ಬಿತ್ತು. ಮತ್ತೆ ಕಟ್ಟಿದ, ಮತ್ತೆ ಜಾರಿತು. ರಸ್ತೆಗಿಳಿದಿದ್ದ ಗಿರಣಿಯಕ್ಕ ತಿರುಗಿ ನೋಡಿದಳು. ಜೀವಮಾನವಿಡೀ ಕಡಿದ ನೂಲಿಗೆ ಗಂಟು ಹಾಕಿದ ಕೈ ಅದು, ತಡೆಯಲಿಲ್ಲ. ವಾಪಸ್ ಬಂದು ಅವನ ಕೈಯಿಂದ ಹಗ್ಗ ಕಿತ್ತುಕೊಂಡು ಬಿಗಿದಳು.

"ಆ ತುದಿ ನೀನು ಹಿಡ್ಕೊ, ಮಗ," ಎಂದಳು. "ಈ ಸಲ ಬಿಡಬೇಡ."