ಪಕ್ಕದವಳ ತಾಳ

ಉದ್ದಜಡೆಯ ಹುಡುಗಿ ಹಾಳೆ ತಿರುವಿದಳು. ಪಕ್ಕದಲ್ಲಿ ಕೂತಿದ್ದ, ಎಲ್ಲರೂ ಗುಬ್ಬಿ ಎಂದು ಕರೆಯುವ ಪುಟ್ಟವಳ ಕೈಯೂ ಎಂದಿನಂತೆ ಮೇಲೆದ್ದಿತು. ಆದರೆ ಅರ್ಧದಲ್ಲೇ ನಿಂತಿತು.

ಎರಡನೇ ತರಗತಿಯಲ್ಲಿ ದಿನಾ ಹದಿನೈದು ನಿಮಿಷ ಅವರವರ ಪುಸ್ತಕ ಅವರವರೇ ಓದಿಕೊಳ್ಳಬೇಕು. ಗುಬ್ಬಿ ಓದುವುದಿಲ್ಲ ಎಂಬುದು ಟೀಚರಿಗೆ ಮೊದಲ ವಾರವೇ ಗೊತ್ತಾಗಿತ್ತು. ಪುಸ್ತಕ ಬೇರೆಯಾದರೂ ಅವಳು ಹಾಳೆ ತಿರುವುತ್ತಿದ್ದದ್ದು ಜಡೆಯವಳ ತಾಳಕ್ಕೆ. ಜಡೆಯವಳು ಸೀನಿ ತಡಮಾಡಿದರೆ ಇವಳೂ ತಡ. ಬೈದರೆ ನಟನೆ ಇನ್ನಷ್ಟು ಚೆನ್ನಾಗುತ್ತದೆ, ಅಷ್ಟೇ ಎಂದುಕೊಂಡು ಟೀಚರ್ ಸುಮ್ಮನಿದ್ದರು.

ಈಗ ಗುಬ್ಬಿಯ ಕೈ ಕೆಳಗಿಳಿದು, ತೋರುಬೆರಳು ಸಾಲಿನ ಕೆಳಗೆ ಇರುವೆಯ ಹಾಗೆ ಹೊರಟಿತು. ತುಟಿ ಅಲ್ಲಾಡುತ್ತಿತ್ತು. ಜಡೆಯವಳು ಇನ್ನೊಂದು ಹಾಳೆ ತಿರುವಿದಳು. ಬೆರಳು ಸಾಲು ಬಿಟ್ಟು ಏಳಲಿಲ್ಲ. ಸಮಯ ಮುಗಿದಿತ್ತು, ಆದರೂ ಗಂಟೆ ಬಾರಿಸಲು ಎತ್ತಿದ ಕೈಯನ್ನು ಟೀಚರ್ ಇಳಿಸಿದರು.

"ಲೇ, ತಿರುಗ್ಸೇ! ನಾನಾಗ್ಲೇ ಎರಡು ಹಾಳೆ ಮುಂದಿದೀನಿ," ಎಂದು ಜಡೆಯವಳು ಮೊಣಕೈಯಿಂದ ತಿವಿದಳು.

"ತಡಿಯೇ, ಬೆಕ್ಕಿನ್ನೂ ಅಟ್ಟದಿಂದ ಇಳಿದಿಲ್ಲ," ಎಂದಳು ಗುಬ್ಬಿ, ತಲೆಯೆತ್ತದೆ.

ಟೀಚರ್ ಹಿಂದೆ ಬಂದು ಬಗ್ಗಿ ನೋಡಿದರು. ಆ ಪುಟದಲ್ಲಿ ಬೆಕ್ಕಿನ ಚಿತ್ರವೇ ಇರಲಿಲ್ಲ. ಬೆಕ್ಕು ಇದ್ದದ್ದು ಅಕ್ಷರಗಳಲ್ಲಿ ಮಾತ್ರ.